ಸಹಾಯ ಬೇಕು: ಮಧ್ಯಾಹ್ನಕ್ಕೆಲ್ಲ ಸ್ಕ್ಲೀರಲ್ ಲೆನ್ಸ್ ಮಸುಕಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನನಗೆ ಎರಡೂ ಕಣ್ಣಿಗೆ ಕೆರಟೋಕೋನಸ್ (ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ತೊಂದರೆ) ಇದೆ. ಕಾರ್ನಿಯಾ ಇನ್ನಷ್ಟು ಉಬ್ಬದಿರಲಿ ಎಂದು ಅದನ್ನು ಗಟ್ಟಿಮಾಡುವ ಚಿಕಿತ್ಸೆಯಾದ ಕ್ರಾಸ್‌ಲಿಂಕಿಂಗ್ ಮಾಡಿಸಿಯಾಗಿದೆ. ಅದರಿಂದ ದೃಷ್ಟಿಯೇನೂ ನೆಟ್ಟಗಾಗುವುದಿಲ್ಲವಲ್ಲ, ಲೆನ್ಸ್ ಬೇಕೇ ಬೇಕು. ಆರ್‌ಜಿಪಿ (ಕಾರ್ನಿಯಾ ಮೇಲೆ ಕೂರುವ ಚಿಕ್ಕ ಗಟ್ಟಿ ಲೆನ್ಸ್) ಚುಚ್ಚುತ್ತಿತ್ತು. ಸ್ಕ್ಲೀರಲ್ (ಒಳಗೆ ಸಲೈನ್, ಅಂದರೆ ಶುದ್ಧ ಉಪ್ಪುನೀರಿನ ದ್ರಾವಣ, ತುಂಬಿ ಹಾಕುವ, ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್) ಹಾಕಿದ್ದೇ ಗೊತ್ತಾಗುವುದಿಲ್ಲ, ರಾತ್ರಿ ಒಂದೇ ದೀಪ ನಾಲ್ಕಾಗಿ ಕಾಣುವುದೂ ತಗ್ಗಿದೆ.

ಆದರೆ ಬೆಳಿಗ್ಗೆ ಸ್ಪಷ್ಟವಾಗಿದ್ದದ್ದು ಮಧ್ಯಾಹ್ನಕ್ಕೆ ಹಬೆ ಹಿಡಿದ ಗಾಜಿನಂತಾಗುತ್ತದೆ. ತೆಗೆದು, ತೊಳೆದು, ಹೊಸ ಸಲೈನ್ ತುಂಬಿ ಹಾಕಿದರೆ ಮತ್ತೆ ಸರಿ. ಲೆನ್ಸಿನೊಳಗೆ ಗಾಳಿಗುಳ್ಳೆಯಿಲ್ಲ, ನೋವಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ಪ್ರಿಸರ್ವೇಟಿವ್ ಇಲ್ಲದ ಸಲೈನನ್ನೇ ಬಳಸುತ್ತೇನೆ. (ನಲ್ಲಿ ನೀರಿನ ಸಲಹೆ ಮಾತ್ರ ದಯವಿಟ್ಟು ಬೇಡ, ಅದರಿಂದ ಬರುವ ಅಮೀಬಾ ಸೋಂಕಿನ ಭಯ ನನಗೆ ಸಾಕಷ್ಟಿದೆ.)

ಲೆನ್ಸಿನ ಅಂಚಿನ ಫಿಟ್ಟಿಂಗ್ ಬದಲಿಸಿಕೊಂಡ ಮೇಲೆ ಯಾರಿಗಾದರೂ ಇದು ಕಡಿಮೆಯಾಗಿದೆಯೇ? ಮುಂದಿನ ತಪಾಸಣೆಯಲ್ಲಿ ಡಾಕ್ಟರ ಹತ್ತಿರ ಏನೇನು ಕೇಳಲಿ? ಅನುಭವ ಇದ್ದವರು ತಿಳಿಸಿ.