‘ನರಿ ಹೇಳಿತು’ ಸರಿಯೋ, ‘ನರಿ ಹೇಳಿದ’ ಸರಿಯೋ? ಮಾನವೀಕರಣ, ಚೇತನಾರೋಪ ಪದಗಳ ಬಗ್ಗೆ

ಪ್ರಶ್ನೆ: ಮಕ್ಕಳ ಕತೆಗಳ ಅನುವಾದವೊಂದಕ್ಕೆ ಮುನ್ನುಡಿ ಬರೆಯಬೇಕಾಗಿದೆ. ಪ್ರಾಣಿ, ದೇವರು, ಜಡವಸ್ತುಗಳಿಗೆ ಮನುಷ್ಯರ ಗುಣ ಹಚ್ಚುವುದಕ್ಕೆ ‘ಮಾನವೀಕರಣ’ ಅನ್ನಬಹುದೇ? ‘ಚೇತನಾರೋಪ’, ‘ವ್ಯಕ್ತೀಕರಣ’ ಅಂತಲೂ ಕಂಡಿದ್ದೇನೆ. ಮೂರೂ ಒಂದೇ ಅರ್ಥದವೇ? ಇನ್ನೊಂದು ಸಂದೇಹ: ಇಂಗ್ಲಿಷ್ ಮೂಲದಲ್ಲಿ ನರಿ ಗಂಡು, ಮೊಲ ಹೆಣ್ಣು. ಕನ್ನಡದಲ್ಲಿ ‘ನರಿ ಹೇಳಿತು’ ಎಂದು ಬರೆಯಬೇಕೋ, ‘ನರಿ ಹೇಳಿದ’ ಎಂದೋ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ನಮಸ್ಕಾರ. ಮೊದಲು ‘ವ್ಯಕ್ತೀಕರಣ’ವನ್ನು ಕೈಬಿಡಿ. ಇದು ‘ವ್ಯಕ್ತಿ’ಯಿಂದ ಬಂದಂತೆ ಕಾಣುತ್ತದೆ, ಆದರೆ ಸಂಸ್ಕೃತದಲ್ಲಿ ‘ವ್ಯಕ್ತ’ದಿಂದ ಆದದ್ದು, ಮರೆಯಲ್ಲಿದ್ದದ್ದನ್ನು ಎದುರಿಗೆ ತರುವುದು ಎಂದು ಅರ್ಥ. ‘ಅಭಿಪ್ರಾಯ ವ್ಯಕ್ತೀಕರಿಸಿದರು’ ಅನ್ನುವಾಗ ಇರುವುದು ಅದೇ. ನಿಮ್ಮ ಮುನ್ನುಡಿಯಲ್ಲಿ ‘ನರಿಯ ವ್ಯಕ್ತೀಕರಣ’ ಎಂದು ಓದಿದವರು ನರಿ ತನ್ನ ಮನಸ್ಸನ್ನು ತೋಡಿಕೊಂಡಿತು ಅಂದುಕೊಳ್ಳುತ್ತಾರೆ.

‘ಮಾನವೀಕರಣ’ ವ್ಯಾಕರಣದ ಪ್ರಕಾರ ಸರಿಯಾಗಿದೆ. ಶುದ್ಧವಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ, ಮಾನವನಲ್ಲದ್ದನ್ನು ಮಾನವ ಮಾಡಿದರೆ ಮಾನವೀಕರಣ. ತೊಂದರೆ ಎರಡು. ಒಂದು, ‘ಸೆರೆಮನೆಗಳ ಮಾನವೀಕರಣ’ ಎಂಬಂಥ ಮಾತಿನಲ್ಲಿ ಇದೇ ಪದ ದಯೆ, ಅಂತಃಕರಣ ತುಂಬುವುದು ಎಂಬ ಅರ್ಥದಲ್ಲಿ ಓಡಾಡುತ್ತಿದೆ. ಎರಡು, ‘ಕರಣ’ ಅಂದಾಗ ವಸ್ತುವೇ ಬದಲಾಯಿತು ಎಂಬ ಧ್ವನಿ ಬರುತ್ತದೆ. ಕತೆಯ ನರಿ ಮನುಷ್ಯನಾಗುವುದಿಲ್ಲ. ನರಿಯಾಗಿದ್ದುಕೊಂಡೇ ಮನುಷ್ಯನ ಗುಣ ಹೊತ್ತಿರುತ್ತದೆ. ಅದಕ್ಕೆ ತಕ್ಕ ಪದ ‘ಆರೋಪ’. ಇಂದಿನ ಪತ್ರಿಕೆ ಓದುವವರಿಗೆ ಆರೋಪ ಅಂದರೆ ದೂರು. ಆದರೆ ಅಲಂಕಾರಶಾಸ್ತ್ರದಲ್ಲಿ ಒಂದರ ಮೇಲೆ ಇನ್ನೊಂದನ್ನು ಇಟ್ಟು ನೋಡುವುದಕ್ಕೆ ಇದೇ ಪದ, ರೂಪಕದ ಲಕ್ಷಣ ಹೇಳುವಲ್ಲೂ ಇದೇ. ಹಾಗಾಗಿ ಒಟ್ಟಾರೆ ಅರ್ಥಕ್ಕೆ ‘ಮಾನವಗುಣಾರೋಪ’ ಎಂದು ಬರೆಯಿರಿ. ಜಡವಸ್ತುವಿಗೆ ಜೀವ ಬಂದಂತೆ ಹೇಳುವುದಕ್ಕೆ ಮಾತ್ರ ‘ಚೇತನಾರೋಪ’ವನ್ನು ಉಳಿಸಿಕೊಳ್ಳಿ. ನರಿಗೆ ಚೈತನ್ಯ ಮೊದಲೇ ಇದೆ, ಅದನ್ನು ನಾವು ಆರೋಪಿಸಬೇಕಾಗಿಲ್ಲ.

ಹಳೆಯ ಅಲಂಕಾರಗಳಲ್ಲಿ ಇದಕ್ಕೆ ಹತ್ತಿರದ್ದು ಸಮಾಸೋಕ್ತಿ. ಸಂಸ್ಕೃತದ ಅಲಂಕಾರಗ್ರಂಥ ‘ಸಾಹಿತ್ಯದರ್ಪಣ’ ಬರೆದ ವಿಶ್ವನಾಥ ಅದಕ್ಕೆ ಮೂರು ದಾರಿ ಹೇಳುತ್ತಾನೆ: ಕಾರ್ಯ, ಲಿಂಗ, ವಿಶೇಷಣ. ಇವು ಪ್ರಸ್ತುತ ವಸ್ತು, ಅಂದರೆ ಕವಿ ವರ್ಣಿಸುತ್ತಿರುವುದು, ಮತ್ತು ಮನಸ್ಸಿಗೆ ಹೊಳೆಯುವ ಇನ್ನೊಂದು ವಸ್ತು ಎರಡಕ್ಕೂ ಹೊಂದುವಂತಿದ್ದಾಗ ಮೊದಲನೆಯದರ ಮೇಲೆ ಇನ್ನೊಂದರ ವ್ಯವಹಾರ ಆರೋಪವಾಗುತ್ತದೆ. ಇಲ್ಲಿ ‘ಲಿಂಗ’ ಇರುವುದನ್ನು ಗಮನಿಸಿ, ನಿಮ್ಮ ಎರಡನೆಯ ಪ್ರಶ್ನೆಯ ಬೇರು ಅಲ್ಲೇ ಇದೆ.

ಸಂಸ್ಕೃತದಲ್ಲಿ ಲಿಂಗ ಪದಕ್ಕೇ ಅಂಟಿರುತ್ತದೆ. ನದಿ ಸ್ತ್ರೀಲಿಂಗ, ಸಮುದ್ರ ಪುಲ್ಲಿಂಗ. ಇಬ್ಬರನ್ನು ಒಂದು ವಾಕ್ಯದಲ್ಲಿ ಕೂಡಿಸಿದರೆ ಸಾಕು, ನಲ್ಲ ನಲ್ಲೆಯರ ಚಿತ್ರ ತಾನಾಗಿ ಮೂಡುತ್ತದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುವಂಥದ್ದು: ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕ. ಹೋರಿಯೂ ‘ಬಂತು’, ಹಸುವೂ ‘ಬಂತು’, ಬಸ್ಸೂ ‘ಬಂತು’. ಆದ್ದರಿಂದ ಕನ್ನಡದಲ್ಲಿ ಮಾನವಗುಣಾರೋಪ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ.

ಮೊದಲ ಮೆಟ್ಟಿಲು ಕ್ರಿಯೆಯ ಅರ್ಥ. ‘ಗಾಡಿ ಬೆಳಗ್ಗೆಯಿಂದ ಹಠ ಮಾಡ್ತಿದೆ’ ಅನ್ನುತ್ತೇವೆ. ಹಠ ಮಾಡುವುದು ಮಕ್ಕಳ ಕೆಲಸ. ಆದರೆ ‘-ಇದೆ’ ಅನ್ನುವ ಕೊನೆ ಗಾಡಿಯನ್ನು ಗಾಡಿಯಾಗಿಯೇ ಇಟ್ಟಿದೆ. ಆಯುಧಪೂಜೆಯ ದಿನ ಅದೇ ಗಾಡಿಗೆ ಕುಂಕುಮ, ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು ಎಲ್ಲ ಆದರೂ ಹೊರಟಾಗ ‘ಹೊರಡ್ತು’ ಅನ್ನುತ್ತೇವೆ, ‘ಹೊರಟ’ ಅನ್ನುವುದಿಲ್ಲ. ಎರಡನೆಯದು ನಂಟಿನ ಪದ: ಕಾಗಕ್ಕ, ಗುಬ್ಬಕ್ಕ, ನರಿಯಣ್ಣ, ಚಂದಮಾಮ, ಮಳೆರಾಯ. ಈ ಬಾಲ ಸೇರಿದ ಕೂಡಲೇ ವಿಭಕ್ತಿ ಬದಲಾಗುತ್ತದೆ. ‘ಸಿಂಹಕ್ಕೆ’, ‘ಸಿಂಹದ’ ಇದ್ದದ್ದು ‘ಸಿಂಹರಾಯನಿಗೆ’, ‘ಸಿಂಹರಾಯನ’ ಆಗುತ್ತದೆ. ಅದರ ಹಿಂದೆಯೇ ಮೂರನೆಯ ಮೆಟ್ಟಿಲಾದ ಕ್ರಿಯಾಪದದ ಕೊನೆಯೂ ಬರಬೇಕು: ‘ಮಳೆ ಬಂತು’, ಆದರೆ ‘ಮಳೆರಾಯ ಬಂದ’. ಅಂಕಿತನಾಮ ಕೊಟ್ಟರೂ ಹೀಗೆಯೇ. ಗೋವಿನ ಹಾಡಿನಲ್ಲಿ ಹುಲಿಗೆ ಹೆಸರಿದೆ, ಅದಕ್ಕೇ ಅಲ್ಲಿ ‘ವ್ಯಾಘ್ರನು… ಇದ್ದನು’.

ಅನುವಾದ ಕೆಡುವುದು ಈ ಮೆಟ್ಟಿಲುಗಳನ್ನು ಹಾರಿದಾಗ. ‘ಮೊಲ ನರಿಯನ್ನು ನೋಡಿ ನಕ್ಕಳು. ಅವನಿಗೆ ಕೋಪ ಬಂತು’ ಎಂದು ಬರೆದರೆ ಓದುವ ಮಗು ‘ಯಾರು ನಕ್ಕಳು?’ ಎಂದು ತಡವರಿಸುತ್ತದೆ. ‘ಮೊಲ’ ಎಂಬ ಪದದಲ್ಲಿ ಹೆಣ್ಣು ಇಲ್ಲ, ಕ್ರಿಯಾಪದ ಮಾತ್ರ ಒಮ್ಮೆಲೇ ಹೆಣ್ಣಾಗಿದೆ. ದಾರಿ ಎರಡಿವೆ: ‘ಮೊಲ ನರಿಯನ್ನು ನೋಡಿ ನಕ್ಕಿತು. ನರಿಗೆ ಕೋಪ ಬಂತು’, ಅಥವಾ ‘ಮೊಲಕ್ಕ ನರಿಯಣ್ಣನನ್ನು ನೋಡಿ ನಕ್ಕಳು. ನರಿಯಣ್ಣನಿಗೆ ಕೋಪ ಬಂತು’. ಹಿಡಿದ ದಾರಿಯನ್ನು ಪುಸ್ತಕದ ಕೊನೆಯವರೆಗೂ ಬಿಡಬೇಡಿ. ಎರಡೂ ಪ್ರಾಣಿ ‘ಅದು’ ಆದಾಗ ಗೊಂದಲವಾಗುತ್ತದೆ. ಅಲ್ಲಿ ಹೆಸರನ್ನೇ ಮತ್ತೆ ಹೇಳಿ, ಕರ್ತೃವಿಗೇ ಸಲ್ಲುವ ಕಡೆ ‘ತನ್ನ’, ‘ತಾನು’ ಬಳಸಿ. ಇವಕ್ಕೆ ಲಿಂಗದ ಹಂಗಿಲ್ಲ. ಬಹುವಚನದಲ್ಲೂ ಎಚ್ಚರ ಬೇಕು: ‘ಪ್ರಾಣಿಗಳೆಲ್ಲ ಸೇರಿದರು’ ಅಲ್ಲ, ‘ಸೇರಿದವು’. ‘ಇಬ್ಬರು ಇಲಿಗಳು’ ಅಲ್ಲ, ‘ಎರಡು ಇಲಿಗಳು’. ‘ಇಲಿಯಣ್ಣ, ಇಲಿಯಕ್ಕ ಇಬ್ಬರೂ ಬಂದರು’ ಅನ್ನುವುದು ಸರಿ.

ನನ್ನ ಒಲವು ‘ಹೇಳಿತು’ ಕಡೆಗೆ. ಕನ್ನಡದಲ್ಲಿ ‘ನಾನು ಬಂದೆ’, ‘ನೀನು ಬಂದೆ’ ಎಂಬಲ್ಲಿ ಲಿಂಗವೇ ಇಲ್ಲ. ‘ಅಯ್ಯಾ ಕಾಗೆ, ನಿನ್ನ ಕಂಠ ಎಷ್ಟು ಇಂಪು, ಒಂದು ಹಾಡು ಹೇಳಬಾರದೇ?’ ಅನ್ನುವಾಗ ನರಿ ಪೂರ್ತಿ ಮನುಷ್ಯ. ‘ಎಂದಿತು’ ಅನ್ನುವಾಗ ಮತ್ತೆ ನರಿ. ಮಾತಿನೊಳಗೆ ಮನುಷ್ಯ, ಹೊರಗೆ ಪ್ರಾಣಿ. ಕತೆಯ ರುಚಿ ಈ ಹೋಗಿಬರುವಿಕೆಯಲ್ಲಿದೆ. ‘ಎಂದ’ ಅಂದರೆ ಅದು ಹೋಗುತ್ತದೆ. ನಪುಂಸಕ ಬಳಸಿದರೆ ಪ್ರಾಣಿಯನ್ನು ಕೀಳು ಮಾಡಿದಂತೆ ಎಂಬ ಮಾತು ಈಚೆಗೆ ಕೇಳಿಬರುತ್ತದೆ. ‘ಮಗು ನಕ್ಕಿತು’ ಅನ್ನುವ ಭಾಷೆಗೆ ಆ ಮಾತು ಹೊಂದುವುದಿಲ್ಲ. ಮನೆಯ ನಾಯಿಯನ್ನು ‘ಅವನಿನ್ನೂ ಊಟ ಮಾಡಿಲ್ಲ’ ಅನ್ನುವುದು ಬೇರೆ: ಅಲ್ಲಿ ಅದಕ್ಕೊಂದು ಹೆಸರಿದೆ, ಮನೆಯಲ್ಲಿ ಸ್ಥಾನವಿದೆ.

ಇನ್ನೊಬ್ಬರ ಸೇರಿಕೆ: ಮೇಲಿನ ವಿವರಣೆ ಪ್ರಾಣಿಗಳಿಗೆ ಸರಿ, ದೇವರ ವಿಷಯ ಪ್ರತ್ಯೇಕ. ಮಾನವಗುಣಾರೋಪಕ್ಕೆ ಇಂಗ್ಲಿಷಿನಲ್ಲಿರುವ ಆಂತ್ರೊಪೊಮಾರ್ಫಿಸಂ ಎಂಬ ಪದದ ಗ್ರೀಕ್ ಬೇರುಗಳು ‘ಮನುಷ್ಯ’ ಮತ್ತು ‘ರೂಪ’; ಮೊದಲು ಚರ್ಚೆಗೆ ಬಂದದ್ದೂ ದೇವರಿಗೆ ಮನುಷ್ಯರೂಪ ಕೊಡುವುದೇ. ಎತ್ತು, ಕುದುರೆಗಳಿಗೆ ಕೈಯಿದ್ದಿದ್ದರೆ ಅವೂ ತಮ್ಮಂತೆಯೇ ದೇವರನ್ನು ಬರೆಯುತ್ತಿದ್ದವು ಎಂದ ಪ್ರಾಚೀನ ಗ್ರೀಕ್ ತತ್ವಜ್ಞಾನಿ ಕ್ಸೆನೊಫನೀಸನ ಮಾತು ಪ್ರಸಿದ್ಧ. ಆದ್ದರಿಂದ ದೇವರಿಗೆ ‘ಮಾನವರೂಪ ಕಲ್ಪನೆ’ ಎನ್ನಿ. ಪೂಜೆಯ ಆಸನ, ಪಾದ್ಯ, ಅರ್ಘ್ಯ, ಸ್ನಾನ, ವಸ್ತ್ರ ಮೊದಲಾದ 16 ಉಪಚಾರಗಳು ಮನೆಗೆ ಬಂದ ಅತಿಥಿಗೆ ಮಾಡುವಂಥವೇ, ಆದರೆ ಮಾಡುವವರಿಗೆ ಅವು ಅಲಂಕಾರವಲ್ಲ, ನಂಬಿಕೆ. ಅಲ್ಲಿ ‘ಆರೋಪ’ ಅನ್ನುವುದು ಒರಟಾಗುತ್ತದೆ.

ಲಿಂಗದಲ್ಲೂ ದೇವರಿಗೆ ಸಡಿಲವಿದೆ. ನಮ್ಮ ವ್ಯಾಕರಣ ಪುಸ್ತಕಗಳಲ್ಲಿ ಪುನ್ನಪುಂಸಕ, ಸ್ತ್ರೀನಪುಂಸಕ ಎಂಬ ವಿಭಾಗಗಳಿವೆ: ‘ಶನಿ ಕಾಡಿದನು’, ‘ಶನಿ ಕಾಡಿತು’ ಎರಡೂ ಸರಿ, ‘ಲಕ್ಷ್ಮಿ ಒಲಿದಳು’, ‘ಲಕ್ಷ್ಮಿ ಒಲಿಯಿತು’ ಎರಡೂ ಸರಿ. ‘ದೇವರು ಕಣ್ಣು ಬಿಟ್ಟ’ ಅನ್ನುವವರೇ ‘ಮೈಮೇಲೆ ದೇವರು ಬಂತು’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಕಿವಿಯಾರೆ ಕೇಳಬೇಕಾದರೆ ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಮುಂದೆ ನಿಲ್ಲಬೇಕು. ಹೂವಿನ ಕರಗ ಹೊರಬಿದ್ದಾಗ ಜನ ‘ಕರಗ ಬಂತು’ ಅನ್ನುತ್ತಾರೆ; ಅದೇ ಕರಗದಲ್ಲಿ ನೆಲೆಸಿದವಳನ್ನು ನೆನೆದಾಗ ‘ದ್ರೌಪದಮ್ಮ ಬಂದ್ಲು’. ನಿಮ್ಮ ಪುಸ್ತಕದಲ್ಲಿ ದೇವರ ಕತೆಯಿದ್ದರೆ ಈ ಎರಡು ರೂಪಗಳನ್ನು ಒಂದಕ್ಕೆ ಇಳಿಸಬೇಡಿ.