ಸಹಾಯ ಬೇಕು: ಕಣ್ಣೆದುರಿಗೇ ಇರುವ ಪದ ಗ್ರೆಪ್‌ಗೆ ಸಿಗುತ್ತಿಲ್ಲ

ಲಿನಕ್ಸ್‌ನಲ್ಲಿ ಒಂದು ಫೋಲ್ಡರ್ ತುಂಬ ಕನ್ನಡದ ಟೆಕ್ಸ್ಟ್ ಫೈಲ್‌ಗಳಿವೆ. ‘ಲೋಕ’ ಎಂಬ ಪದವನ್ನು ಗ್ರೆಪ್ ಎಂಬ ಹುಡುಕಾಟದ ಕಮಾಂಡ್‌ನಿಂದ ಹುಡುಕಿದರೆ ಕೆಲವು ಫೈಲ್‌ಗಳಲ್ಲಿ ಸಿಗುತ್ತದೆ, ಇನ್ನು ಕೆಲವುಗಳಲ್ಲಿ ಇಲ್ಲವೇ ಇಲ್ಲ ಎನ್ನುತ್ತದೆ. ಆ ಫೈಲ್ ತೆರೆದು ನೋಡಿದರೆ ಪದ ಎದುರಿಗೇ ಇದೆ!

ಎಲ್ಲ ಫೈಲ್‌ಗಳೂ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ವಿಧಾನ) ಎಂದು ಖಚಿತಪಡಿಸಿಕೊಂಡಿದ್ದೇನೆ. ಪದವನ್ನು ಇದ್ದಂತೆಯೇ ಹುಡುಕುವ ಎಫ್ ಆಯ್ಕೆ ಕೊಟ್ಟರೂ, ಗ್ರೆಪ್‌ನಂಥದೇ ಇನ್ನೊಂದು ಸಾಧನವಾದ ರಿಪ್‌ಗ್ರೆಪ್ ಬಳಸಿದರೂ ಅದೇ ಫಲಿತಾಂಶ. ಕೊನೆಗೆ ಫೈಲಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್‌ಡಂಪ್‌ನಲ್ಲಿ ನೋಡಿದಾಗ ಕಾರಣ ತಿಳಿಯಿತು: ಒಂದು ಫೈಲಿನಲ್ಲಿ ಓಕಾರದ ಚಿಹ್ನೆ ಒಂದೇ ಯೂನಿಕೋಡ್ ಸಂಕೇತ, 3 ಬೈಟ್. ಇನ್ನೊಂದರಲ್ಲಿ ಎಕಾರ, ಊಕಾರ, ದೀರ್ಘ ಚಿಹ್ನೆ ಎಂದು ಮೂರು ಸಂಕೇತಗಳು, 9 ಬೈಟ್. ಪರದೆಯ ಮೇಲೆ ಎರಡೂ ಒಂದೇ.

ಪಠ್ಯದ ರೂಪ ಬದಲಿಸುವ ಯುಕಾನ್ವ್ ಕಮಾಂಡ್‌ನಿಂದ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಸಂಕೇತಗಳನ್ನು ಒಂದೇ ಸಂಕೇತವಾಗಿ ಸೇರಿಸಿದ ರೂಪ) ತಂದು ಪೈಪ್ ಮೂಲಕ ಗ್ರೆಪ್‌ಗೆ ಕೊಟ್ಟರೆ ಪದವೇನೋ ಸಿಗುತ್ತದೆ. ಆದರೆ ಯಾವ ಫೈಲ್ ಎಂಬುದು ಕಾಣಿಸುವುದಿಲ್ಲ, ನನಗೆ ಬೇಕಾದದ್ದೇ ಅದು. ಮೂಲ ಫೈಲ್‌ಗಳು ಬೇರೆಯವರವು, ಅವುಗಳನ್ನು ಮುಟ್ಟುವಂತಿಲ್ಲ.

ಹುಡುಕುವ ಮೊದಲು ಪ್ರತಿ ಫೈಲನ್ನೂ ಬೇರೊಂದು ಪ್ರೋಗ್ರಾಂ ಮೂಲಕ ಹಾಯಿಸುವ ರಿಪ್‌ಗ್ರೆಪ್‌ನ ‘ಪ್ರಿ’ ಆಯ್ಕೆಗೆ ಯುಕಾನ್ವ್ ಜೋಡಿಸಿ, ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯೊಂದಿಗೆ ಫಲಿತಾಂಶ ಪಡೆಯಬಹುದೇ? ಅದಕ್ಕೆ ಬೇಕಾದ ಸ್ಕ್ರಿಪ್ಟ್ ಹೇಗಿರಬೇಕು? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.