ಅಪ್‌ಡೇಟ್: ಮಗಳ ಮೊಣಕಾಲಿನ ಊತ ಮತ್ತು ರಕ್ತ ಪರೀಕ್ಷೆಯ ವರದಿಗಳು

ನನ್ನ ಆರು ವರ್ಷದ ಮಗಳ ಮೊಣಕಾಲು ಎರಡು ತಿಂಗಳಿನಿಂದ ಊದಿಕೊಂಡಿದ್ದರೂ ರುಮಟಾಯ್ಡ್ ಫ್ಯಾಕ್ಟರ್ (ಸಂಧಿವಾತವಿರುವ ಕೆಲವರ ರಕ್ತದಲ್ಲಿ ಕಾಣುವ ಪ್ರತಿಕಾಯ) ನೆಗೆಟಿವ್ ಬಂದಿರುವುದರಿಂದ ಸಂಧಿವಾತವಿಲ್ಲವೆಂದು ತಿಳಿಯಬಹುದೇ ಎಂದು ಹಿಂದೆ ಕೇಳಿದ್ದೆ. ಹಾಗೆ ತಿಳಿಯುವಂತಿಲ್ಲ. ಕೆಲವೇ ಕೀಲುಗಳನ್ನು ಬಾಧಿಸುವ ಬಗೆಯ ಜುವೆನೈಲ್ ಆರ್ಥ್ರೈಟಿಸ್ ಎಂದು ಮಕ್ಕಳ ಸಂಧಿವಾತ ತಜ್ಞರು ಖಚಿತಪಡಿಸಿದ್ದಾರೆ.

16 ವರ್ಷ ತುಂಬುವ ಮೊದಲೇ ಆರಂಭವಾಗಿ, ಕನಿಷ್ಠ 6 ವಾರ ಉಳಿಯುವ, ಬೇರೆ ಕಾರಣ ಕಂಡುಬಾರದ ಕೀಲುಗಳ ಉರಿಯೂತಕ್ಕೆ ಈ ಹೆಸರಿದ್ದು, ಅದನ್ನು ಒಂದೇ ರಕ್ತ ಪರೀಕ್ಷೆಯಿಂದ ಸಾಬೀತುಪಡಿಸಲಾಗಲೀ ತಳ್ಳಿಹಾಕಲಾಗಲೀ ಬರುವುದಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಈ ಕಾಯಿಲೆಯ ಬಹುಪಾಲು ಮಕ್ಕಳಲ್ಲಿ ನೆಗೆಟಿವ್ ಆಗಿಯೇ ಇರುತ್ತದೆ. ದೇಹದಲ್ಲಿನ ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆಗಳು ಕೂಡ ಅವಳಲ್ಲಿ ಸಹಜವಾಗಿದ್ದವು. ನಾನು ವೃಥಾ ಸಮಾಧಾನಪಟ್ಟಿದ್ದು ಅದರಿಂದಲೇ.

ಎಎನ್‌ಎ (ದೇಹದ ಸ್ವಂತ ಜೀವಕೋಶಗಳ ಕೇಂದ್ರದ ವಿರುದ್ಧದ ಪ್ರತಿಕಾಯ) ಮಾತ್ರ ಪಾಸಿಟಿವ್ ಬಂದಿದೆ. ಆರೋಗ್ಯವಂತ ಮಕ್ಕಳಲ್ಲೂ ಅದು ಕಾಣಿಸಿಕೊಳ್ಳುವುದರಿಂದ ರೋಗನಿರ್ಣಯಕ್ಕೆ ಅದೊಂದೇ ಸಾಲದು. ಆದರೆ ಈ ಕಾಯಿಲೆಯಿರುವ ಮಗುವಿನಲ್ಲಿ ಅದು ಪಾಸಿಟಿವ್ ಇದ್ದರೆ, ಕಣ್ಣು ಕೆಂಪಾಗದೆ, ನೋಯದೆ, ಒಳಗೊಳಗೇ ದೃಷ್ಟಿಗೆ ಹಾನಿ ಮಾಡಬಲ್ಲ ಯುವಿಯೈಟಿಸ್‌ನ (ಕಣ್ಣಿನೊಳಗಿನ ಉರಿಯೂತದ) ಅಪಾಯ ಹೆಚ್ಚು ಎಂದು ವೈದ್ಯರು ವಿವರಿಸಿದರು. ಹಾಗಾಗಿ 3 ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಿಂದ ಕಣ್ಣಿನ ಪರೀಕ್ಷೆ ಮಾಡಿಸಬೇಕಿದೆ.

ಹಲವರು ಸೂಚಿಸಿದ್ದ ಫೆರಿಟಿನ್ (ಕಬ್ಬಿಣವನ್ನು ಕೂಡಿಡುವ ಪ್ರೋಟೀನ್) ಪರೀಕ್ಷೆ ಮುಖ್ಯವಾಗಿ ಜ್ವರ, ದದ್ದುಗಳೊಡನೆ ಬರುವ ಸಿಸ್ಟಮಿಕ್ (ಇಡೀ ದೇಹವನ್ನು ಬಾಧಿಸುವ) ಬಗೆಯಲ್ಲಿ ನೆರವಾಗುವಂಥದ್ದಾದ್ದರಿಂದ ನಮಗೆ ಬೇಕಾಗಲಿಲ್ಲ. ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದಾರೆ, ಊತ ಇಳಿಯುತ್ತಿದೆ.